ಇಡ್ಲಿ ತಟ್ಟೆಯಲ್ಲಿ ಎಂಜಿನು

ಅರವತ್ತು ದಾಟಿದ ಗಂಡಸರಿಗೆ ತಗಲುವ ರೋಗಗಳಲ್ಲಿ ಒಂದು ಯಾವ ವೈದ್ಯಗ್ರಂಥದಲ್ಲಿಯೂ ಕಾಣಬರುವುದಿಲ್ಲ. "ಇದನ್ನು ನಾನೇ ರಿಪೇರಿ ಮಾಡಿಬಿಡುತ್ತೇನೆ" ಎಂಬುದೇ ಆ ರೋಗ. ಮೊದಲು ಅದು ಗೋಡೆಯ ಗಡಿಯಾರದಲ್ಲಿ ತೋರಿಕೊಳ್ಳುತ್ತದೆ. ಆಮೇಲೆ ನಲ್ಲಿಗೆ, ಇಸ್ತ್ರಿ ಪೆಟ್ಟಿಗೆಗೆ, ಮಿಕ್ಸಿಗೆ ಹರಡುತ್ತದೆ. ನಮ್ಮ ಮನೆಯಲ್ಲಿ ಗಡಿಯಾರ ನಿಂತು ನಾಲ್ಕು ವರ್ಷವಾಯಿತು. ನಲ್ಲಿ ಮಾತ್ರ ನಿಲ್ಲದೆ ಹರಿಯುತ್ತಿದೆ. ಇಂಥ ಕೀರ್ತಿಯನ್ನು ಸಂಪಾದಿಸಿಕೊಂಡಿರುವ ನಾನು ಕಳೆದ ಮಾಘಮಾಸದಲ್ಲಿ ಮೋಟಾರ್ ಸೈಕಲ್ಲಿನ ಎಂಜಿನ್ನಿಗೆ ಕೈ ಹಾಕಿದೆನೆಂದರೆ ಓದುಗರು ನಗುವುದು ಸಹಜ. ನಗಲಿ. ಆದರೆ ಕಥೆಯನ್ನು ಪೂರ್ತಿಯಾಗಿ ಕೇಳಿ ನಗಬೇಕೆಂಬುದಷ್ಟೇ ನನ್ನ ವಿನಂತಿ.

ಗಾಡಿ ನನ್ನದಲ್ಲ, ನನ್ನ ಅಣ್ಣನದು. 1976ರಲ್ಲಿ, ಹೈಸ್ಕೂಲು ಮೇಷ್ಟರ ಸಂಬಳದಲ್ಲಿ ಉಳಿಸಿ ಉಳಿಸಿ, ಅವನು ಕೊಂಡ ಯೆಜ್ಡಿ. ಮೈಸೂರಿನವರಿಗೆ ಇದರ ಪರಿಚಯ ಹೇಳಬೇಕಾಗಿಲ್ಲ. ನಮ್ಮ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಈ ಜಾತಿಯ ಗಾಡಿಗಳು ತಯಾರಾಗುತ್ತಿದ್ದುವು. ಮೊದಲು ಜಾವಾ ಎಂಬ ಹೆಸರಿನಲ್ಲಿ, ಅನಂತರ ಯೆಜ್ಡಿ ಎಂಬ ಹೆಸರಿನಲ್ಲಿ. ಜಾವಾ ಎಂದರೆ ದ್ವೀಪವಲ್ಲ. 1929ರಲ್ಲಿ ಚೆಕೊಸ್ಲೊವಾಕಿಯದ ಯಾನೆಚೆಕ್ ಎಂಬ ಉದ್ಯಮಿ, ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಸುವ ಹಕ್ಕನ್ನು ಪಡೆದು, ತನ್ನ ಹೆಸರಿನ ಮೊದಲ ಎರಡು ಅಕ್ಷರಗಳನ್ನು ಆ ಕಂಪನಿಯ ಹೆಸರಿನ ಮೊದಲ ಎರಡು ಅಕ್ಷರಗಳಿಗೆ ಗಂಟುಹಾಕಿದಾಗ ಹುಟ್ಟಿದ ಹೆಸರು ಅದು. ನಮ್ಮೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ, ಆ ಎರಡು ಹೆಸರುಗಳೂ ಹೊಸ ಗಾಡಿಗಳ ಮೇಲೆ ಮರಳಿ ಬಂದಿವೆಯಾದರೂ, ಸಂಜೆ ಐದೂವರೆಗೆ ಬೀದಿಯ ತುದಿಯಲ್ಲಿ ಕೇಳಿಬರುತ್ತಿದ್ದ ಆ ಹಳೆಯ ಸದ್ದೇ ಬೇರೆ. ಆ ಸದ್ದು ಕೇಳಿದೊಡನೆ ಅತ್ತಿಗೆ ಕಾಫಿಯ ಡಿಕಾಕ್ಷನ್ ಬಿಸಿಗಿಡುತ್ತಿದ್ದರು.

ಮಂಡಿನೋವು ಹೆಚ್ಚಾದ ಮೇಲೆ ಅಣ್ಣ ಗಾಡಿ ಹತ್ತುವುದನ್ನು ಬಿಟ್ಟ. ಅವನು ತೀರಿಕೊಂಡು ಎರಡು ವರ್ಷವಾಯಿತು. ಗಾಡಿ ಅವರ ಮನೆಯ ಹಜಾರದ ಮುಂದೆ, ಹಳೆಯ ಬೆಡ್‌ಶೀಟ್ ಹೊದ್ದುಕೊಂಡು ನಿಂತೇ ಇತ್ತು. ಸಂಕ್ರಾಂತಿಯ ಎಳ್ಳು ಬೀರಲು ಹೋದಾಗ ಅತ್ತಿಗೆ ಹೇಳಿದರು: "ಯುಗಾದಿಗೆ ಮನೆಗೆ ಸುಣ್ಣಬಣ್ಣ ಮಾಡಿಸ್ತಾ ಇದ್ದೀನಪ್ಪ. ಗುಜರಿಯವನಿಗೆ ಹೇಳಿದ್ದೀನಿ, ಹಬ್ಬದ ಹಿಂದಿನ ದಿನ ಬಂದು ಗಾಡಿ ತೊಗೊಂಡು ಹೋಗ್ತಾನೆ."

ನನಗೆ ಎದೆಯಲ್ಲಿ ಏನೋ ಕಳಚಿದಂತಾಯಿತು. "ಕೊಟ್ಟೇಬಿಡುವುದೇ?" ಎಂದೆ.

"ಸದ್ದಿಲ್ಲದ ಗಾಡಿ ಬಾಗಿಲಲ್ಲಿ ನಿಂತಿದ್ದರೆ ಅವರು ಒಳಗಿದ್ದಾರೆ ಅನ್ನಿಸುತ್ತೆ. ಒಳಗೆ ಬಂದರೆ ಇರೋದಿಲ್ಲ. ದಿನಾ ಇದೇ ಆಯಿತು. ಓಡೋ ಹಾಗಿದ್ದರೆ ಇರಲಿ, ಇಲ್ಲದಿದ್ದರೆ ಹೋಗಲಿ."

ಅತ್ತಿಗೆ ಆ ಮನೆಗೆ ಬಂದಾಗ ನಾನು ಮಿಡ್ಲ್ ಸ್ಕೂಲಿನ ಹುಡುಗ. ಅಂದಿನಿಂದ ಇಂದಿನವರೆಗೆ ಅವರ ಮಾತಿಗೆ ಎದುರಾಡಿದವನಲ್ಲ. ಆ ದಿನ ಮಾತ್ರ, "ನಾನು ಓಡುವ ಹಾಗೆ ಮಾಡುತ್ತೇನೆ" ಎಂಬ ಮಾತು ಬಾಯಿಂದ ಹೊರಟುಹೋಯಿತು.

ಅದು ಬರಿಯ ಜಂಬದ ಮಾತಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಆ ಗಾಡಿಗೆ ನಾನು ಸಾಲಗಾರ. 1979ರಲ್ಲಿ ಗೆಳೆಯನೊಬ್ಬನ ಮದುವೆಗೆ ಮಂಡ್ಯಕ್ಕೆ ಹೋಗಲು ಅಣ್ಣನಿಂದ ಅದನ್ನು ಕೇಳಿ ಪಡೆದಿದ್ದೆ. ದಾರಿಯಲ್ಲಿ ಪೆಟ್ರೋಲು ಹಾಕಿಸಿದೆ. ಮುಹೂರ್ತ ಮೀರುವ ಆತುರದಲ್ಲಿ ಎಣ್ಣೆ ಬೆರೆಸುವುದನ್ನು ಮರೆತೆ. ಶ್ರೀರಂಗಪಟ್ಟಣ ದಾಟಿ ಸ್ವಲ್ಪ ದೂರ ಹೋಗುವುದರೊಳಗೆ ಎಂಜಿನು ಒಮ್ಮೆ ಕಿರುಚಿ ಕಚ್ಚಿಕೊಂಡಿತು. ಹಿಂದಿನ ಚಕ್ರ ರಸ್ತೆಯ ಮೇಲೆ ಎಳೆದುಕೊಂಡು ಹೋಯಿತು. ಮದುವೆಯೂ ತಪ್ಪಿತು, ಗಾಡಿಯೂ ಲಾರಿಯಲ್ಲಿ ಮೈಸೂರಿಗೆ ಬಂದಿತು. ಸಿಲಿಂಡರಿಗೆ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಲು ಅಣ್ಣನ ಒಂದು ತಿಂಗಳ ಸಂಬಳ ಹೋಯಿತು. ಅವನು ಒಂದು ಮಾತನ್ನೂ ಆಡಲಿಲ್ಲ. ಬೈದಿದ್ದರೆ ಮರುದಿನವೇ ಮರೆಯಬಹುದಾಗಿತ್ತು. ಅಂದಿನಿಂದ ನಾನು ಆ ಗಾಡಿಯನ್ನು ಕೇಳಲಿಲ್ಲ, ಅವನೂ ಕೊಡುತ್ತೇನೆನ್ನಲಿಲ್ಲ.

ಹೀಗೆ, ನಾನೂ ಅಣ್ಣನ ಮೊಮ್ಮಗಳೂ ಸೇರಿ, ಸರಸ್ವತಿಪುರದಿಂದ ಕುವೆಂಪುನಗರದ ನಮ್ಮ ಮನೆಯವರೆಗೆ ಗಾಡಿಯನ್ನು ತಳ್ಳಿಕೊಂಡು ಬಂದೆವು. ಅವಳಿಗೆ ಹನ್ನೊಂದು ವರ್ಷ. ತಳ್ಳಿದ್ದು ನಾನು, "ಎಡಕ್ಕೆ ಚಿಕ್ಕತಾತ, ಬಲಕ್ಕೆ ಚಿಕ್ಕತಾತ" ಎಂದು ಸೇನಾಪತ್ಯ ವಹಿಸಿದವಳು ಅವಳು.

ಎಂಜಿನ್ನೆಂದರೆ ದೊಡ್ಡ ಮಾಯೆಯೆಂದು ನಾನು ಬಹುಕಾಲ ನಂಬಿದ್ದೆ. ಹಾಗೇನೂ ಇಲ್ಲ. ಇಂಥ ಸಣ್ಣ ಎಂಜಿನ್ನಿಗೆ ಬೇಕಾದ್ದು ಮೂರೇ: ಸರಿಯಾಗಿ ಬೆರೆತ ಪೆಟ್ರೋಲು ಮತ್ತು ಗಾಳಿ, ಅದನ್ನು ಒತ್ತಿ ಹಿಡಿಯುವ ಬಲ, ಹೊತ್ತಿಸುವ ಕಿಡಿ. ಮೂರೂ ಇದ್ದು ಹೊಗೆ ಹೋಗಲು ದಾರಿ ಇದ್ದರೆ ಎಂಜಿನು ಓಡಲೇಬೇಕು. ನಮ್ಮ ಯೆಜ್ಡಿಗೆ ಇರುವುದು ಒಂದೇ ಸಿಲಿಂಡರು. ಅದರ ಅಗಲ 65 ಮಿಲಿಮೀಟರು, ಪಿಸ್ಟನ್ನಿನ ಓಡಾಟ 75 ಮಿಲಿಮೀಟರು. ಗುಣಿಸಿ ನೋಡಿದರೆ ಕಾಲು ಲೀಟರಿಗೆ ಸುಮಾರು ಒಂದು ಸಿ.ಸಿ. ಕಡಮೆ. ನಮ್ಮ ಮನೆಯ ಕಾಫಿ ಲೋಟ ಇದಕ್ಕಿಂತ ಬಹಳ ಚಿಕ್ಕದೇನಲ್ಲ. ಅಷ್ಟು ಜಾಗದಲ್ಲಿ ಹೊತ್ತುವ ಬೆಂಕಿ ಗಂಡ ಹೆಂಡತಿ ಮಗುವನ್ನು ಚಾಮುಂಡಿ ಬೆಟ್ಟ ಹತ್ತಿಸುತ್ತಿತ್ತು!

ಅದರೊಳಗಿನ ವ್ಯವಹಾರವೂ ಸರಳ. ಪಿಸ್ಟನ್ನು ಮೇಲೇರುವಾಗ ತಲೆಯ ಮೇಲಿನ ಮಿಶ್ರಣವನ್ನು ಒತ್ತುತ್ತದೆ. ಅದೇ ವೇಳೆಗೆ ಕಾಲಡಿಯ ಕೋಣೆಗೆ ಹೊಸ ಮಿಶ್ರಣವನ್ನು ಎಳೆದುಕೊಳ್ಳುತ್ತದೆ. ಕಿಡಿ ಹಾರಿ ಬೆಂಕಿ ಹೊತ್ತಿ ಕೆಳಕ್ಕೆ ನೂಕಲ್ಪಟ್ಟಾಗ ಮೊದಲು ಹೊಗೆಯ ಕಿಂಡಿ ತೆರೆಯುತ್ತದೆ, ಬಳಿಕ ಹೊಸ ಮಿಶ್ರಣದ ಕಿಂಡಿ. ಒಳಗೆ ಬರುವವನು ಹೊರಗೆ ಹೋಗುವವನನ್ನು ತಳ್ಳುತ್ತಾನೆ, ನಮ್ಮ ಸಿಟಿ ಬಸ್ಸಿನಲ್ಲಿ ನಡೆಯುವಂತೆಯೇ. ಕಾಲಡಿಯ ಕೋಣೆಯ ಬೇರಿಂಗುಗಳಿಗೂ ಪಿಸ್ಟನ್ನಿಗೂ ಎಣ್ಣೆ ಸಿಕ್ಕುವುದು ಆ ಪೆಟ್ರೋಲಿನ ಜೊತೆಯಲ್ಲಿಯೇ ಹೊರತು ಬೇರೆ ದಾರಿಯಿಂದಲ್ಲ. ಈ ಮಾತನ್ನು ನಲವತ್ತೈದು ವರ್ಷಗಳ ಹಿಂದೆ ಯಾರಾದರೂ ನನಗೆ ಇಷ್ಟು ಬಿಡಿಸಿ ಹೇಳಿದ್ದರೆ ನಾನು ಮಂಡ್ಯದಲ್ಲಿ ಮದುವೆ ಊಟ ಮಾಡುತ್ತಿದ್ದೆ.

ಮೊದಲ ಭಾನುವಾರ ನಾನು ಸ್ಪ್ಯಾನರು ಹಿಡಿದು ಸಿಲಿಂಡರನ್ನೇ ಬಿಚ್ಚಲು ಹೊರಟೆ. "ಅದನ್ನು ಯಾಕೆ ಬಿಚ್ಚಬೇಕು ಚಿಕ್ಕತಾತ?" ಎಂದು ಮೊಮ್ಮಗಳು ಕೇಳಿದಳು. ಉತ್ತರ ನನ್ನಲ್ಲಿರಲಿಲ್ಲ. ಕಾರಣ ತಿಳಿಯದೆ ಬಿಚ್ಚಿದ್ದು ಮತ್ತೆ ಕೂಡುವುದಿಲ್ಲವೆಂಬುದನ್ನು ನಮ್ಮ ಗಡಿಯಾರ ಕಲಿಸಿತ್ತು. ಆದ್ದರಿಂದ ಪ್ಲಗ್ಗನ್ನು ಮಾತ್ರ ತಿರುಗಿಸಿ ತೆಗೆದು, ಆ ರಂಧ್ರದ ಮೇಲೆ ಹೆಬ್ಬೆರಳನ್ನು ಬಲವಾಗಿ ಒತ್ತಿ ಹಿಡಿದು ಕಿಕ್ ಹೊಡೆದೆ. (ಈ ಗಾಡಿಯಲ್ಲಿ ಕಿಕ್ಕೂ ಗೇರೂ ಒಂದೇ ಸನ್ನೆ, ಅದನ್ನು ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕು, ಮುಂದಕ್ಕಿಟ್ಟರೆ ಗೇರು. ಮೊಮ್ಮಗಳಿಗೆ ಇದಕ್ಕಿಂತ ದೊಡ್ಡ ಸೋಜಿಗ ಬೇರೊಂದಿರಲಿಲ್ಲ.) ಗಾಳಿ ಹೆಬ್ಬೆರಳನ್ನು ಪಕ್ಕಕ್ಕೆ ತಳ್ಳಿ 'ಪುಸ್' ಎಂದು ಹೊರಬಂತು. ಎಂದರೆ ಪಿಸ್ಟನ್ನೂ ರಿಂಗುಗಳೂ ತಮ್ಮ ಕೆಲಸ ಮಾಡುತ್ತಿವೆ. ಸಿಲಿಂಡರು ಬಿಚ್ಚುವ ಮಾತು ಅಲ್ಲಿಗೆ ಮುಗಿಯಿತು.

ಬಿಚ್ಚಿದ ಸಾಮಾನುಗಳನ್ನು ಎಲ್ಲಿ ಇಡುವುದು? ಅಟ್ಟದ ಮೇಲೆ ನಮ್ಮ ಹಳೆಯ ಅಲ್ಯುಮಿನಿಯಮ್ ಇಡ್ಲಿ ಸ್ಟ್ಯಾಂಡು ಇತ್ತು. ನಾಲ್ಕು ತಟ್ಟೆ, ಹದಿನಾರು ಗುಳಿ. ಮೊದಲು ಬಿಚ್ಚಿದ ತಿರುಪು ಮೊದಲನೆಯ ಗುಳಿಗೆ, ಎರಡನೆಯದು ಎರಡನೆಯದಕ್ಕೆ. ಮೊಮ್ಮಗಳು ನೋಟ್ ಪುಸ್ತಕದಲ್ಲಿ ತಟ್ಟೆಯ ಚಿತ್ರ ಬರೆದು, ಪ್ರತಿ ಗುಳಿಯಲ್ಲಿ ಏನಿದೆ, ಅದು ಯಾವ ಕಡೆಗೆ ಮುಖಮಾಡಿತ್ತು ಎಂಬುದನ್ನು ಗುರುತು ಹಾಕಿಕೊಂಡಳು. ಮನೆಯಲ್ಲಿ ಎಂಜಿನು ಬಿಚ್ಚುವ ಹೊಸಬರಿಗೆ ನಾನು ಕೊಡಬಲ್ಲ ಮೊದಲನೆಯ ಸಲಹೆ ಇದೇ: ಸ್ಪ್ಯಾನರಿಗಿಂತ ಮೊದಲು ಇಡ್ಲಿ ತಟ್ಟೆ.

ಎರಡನೆಯ ಸಲಹೆ ನನ್ನದಲ್ಲ, ನಮ್ಮ ಮನೆಯಾಕೆಯದು. ಟ್ಯಾಂಕಿನಿಂದ ಬಸಿದ ಹಳೆಯ ಪೆಟ್ರೋಲು ವಾರ್ನಿಷಿನಂತೆ ನಾರುತ್ತಿತ್ತು. ಈಗಿನ ಪೆಟ್ರೋಲಿನಲ್ಲಿ ಎಥನಾಲು ಬೆರೆತಿರುತ್ತದೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ವರ್ಷಗಟ್ಟಲೆ ಟ್ಯಾಂಕಿನಲ್ಲಿ ಬಿಡುವುದು ಕೇಡು. ಸಂಜೆ ಸೊಳ್ಳೆಯ ಕಾಟಕ್ಕೆ ನಾನು ಕಾರ್ಬ್ಯುರೇಟರನ್ನೂ ಒಂದು ಬೋಗುಣಿ ಪೆಟ್ರೋಲನ್ನೂ ನಡುಮನೆಗೆ ತಂದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯುತ್ತ ಕುಳಿತಿದ್ದೆ. ಹತ್ತು ಅಡಿಯಾಚೆ ದೇವರ ಮನೆಯ ಬಾಗಿಲು ತೆರೆದಿತ್ತು, ನಂದಾದೀಪ ಉರಿಯುತ್ತಿತ್ತು. ಅಡಿಗೆ ಮನೆಯಿಂದ ಬಂದ ಆಕೆ ಒಂದು ಮಾತನ್ನೂ ಆಡದೆ ಬೋಗುಣಿಯನ್ನೆತ್ತಿಕೊಂಡು ಹಿತ್ತಲಿಗೆ ಹೋಗಿ, ಗಾಳಿಯಾಡುವ ಕಡೆ ಇಟ್ಟು, ಕಿಟಕಿ ಬಾಗಿಲುಗಳನ್ನೆಲ್ಲ ತೆರೆದು, ಆಮೇಲೆ ಬಾಯಿ ತೆರೆದಳು. ಆಕೆ ಹೇಳಿದ್ದನ್ನೆಲ್ಲ ಇಲ್ಲಿ ಬರೆಯುವುದು ಔಚಿತ್ಯವಲ್ಲ. ಸಾರಾಂಶ ಮಾತ್ರ ಹೇಳುತ್ತೇನೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲೇರಿ ಹೋಗುವುದಿಲ್ಲ. ಕಣ್ಣಿಗೆ ಕಾಣದೆ ನೆಲದ ಮೇಲೆ ಹರಿದು ದೀಪವನ್ನು ಹುಡುಕಿಕೊಂಡು ಹೋಗುತ್ತದೆ. ಆ ದಿನ ನಮ್ಮ ಮನೆ ಉಳಿದದ್ದು ನನ್ನ ಜಾಣತನದಿಂದಲ್ಲ. ಪೆಟ್ರೋಲಿನ ಕೆಲಸವೆಲ್ಲ ಹೊರಗೆ, ಹಗಲಿನಲ್ಲಿ, ಒಲೆ ದೀಪ ಬೀಡಿಗಳಿಂದ ದೂರ. ಇದು ಅಂದಿನಿಂದ ನಮ್ಮ ಮನೆಯ ಶಾಸನ.

ಕಾರ್ಬ್ಯುರೇಟರಿನ ಒಳಗೆ ಜೆಟ್ಟುಗಳೆಂಬ ಪುಟ್ಟ ಹಿತ್ತಾಳೆಯ ತಿರುಪುಗಳಿವೆ. ಅವುಗಳ ಮಧ್ಯದ ರಂಧ್ರ ಸೂಜಿಯ ಮೊನೆಯಷ್ಟು. ಒಣಗಿದ ಪೆಟ್ರೋಲಿನ ಅಂಟು ಅವನ್ನು ಮುಚ್ಚಿತ್ತು. ತಂತಿ ಹಾಕಿ ಚುಚ್ಚೋಣವೆಂದರೆ, ರಂಧ್ರ ಕೂದಲೆಳೆಯಷ್ಟು ಅಗಲವಾದರೂ ಪೆಟ್ರೋಲಿನ ಅಳತೆ ಕೆಡುತ್ತದೆ. ನೆನೆಹಾಕಿ, ಸೈಕಲ್ ಪಂಪಿನಿಂದ ಗಾಳಿ ಊದಿ, ಸೂರ್ಯನಿಗೆ ಹಿಡಿದು ನೋಡಿದಾಗ ಬೆಳಕಿನ ಚುಕ್ಕೆ ಕಂಡಿತು. "ನಕ್ಷತ್ರ!" ಎಂದಳು ಮೊಮ್ಮಗಳು.

ಕಿಡಿಯ ಸರದಿ ಬಂತು. ಈ ಗಾಡಿಯ ಕಿಡಿಗೆ ಬ್ಯಾಟರಿ ಬೇಕು. ಹಳೆಯ ಬ್ಯಾಟರಿ ಸತ್ತು ಬಿಳಿಯ ಪುಡಿಯಾಗಿತ್ತು. 6 ವೋಲ್ಟಿನ ಹೊಸದನ್ನು ತಂದೆ. ಬಲಗಡೆಯ ಮುಚ್ಚಳ ತೆಗೆದರೆ, ಕೂಡುತ್ತ ಬಿಡುತ್ತ ಕಿಡಿಗೆ ಕಾರಣವಾಗುವ ಪಾಯಿಂಟುಗಳು ಕಪ್ಪು ಹಿಡಿದಿದ್ದುವು. ನಯವಾದ ಎಮೆರಿ ಕಾಗದದಿಂದ ಉಜ್ಜಿ, ಅವು ತೆರೆದಾಗ ನಡುವಣ ಸಂದು 0.4 ಮಿಲಿಮೀಟರು ಇರುವಂತೆ ಹೊಂದಿಸಿದೆ. ಪ್ಲಗ್ಗನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿ ಹಿಡಿದು ಕಿಕ್ ಹೊಡೆದಾಗ, ಸಂಜೆಗತ್ತಲಲ್ಲಿ ನೀಲಿಯ ಕಿಡಿ 'ಚಟ್' ಎಂದು ಹಾರಿತು. ಪೆಟ್ರೋಲು ಆ ಹೊತ್ತಿಗೆ ಹಿತ್ತಲ ಮೂಲೆಯಲ್ಲಿ ದೂರವಿತ್ತೆಂಬುದನ್ನು ಮನೆಯಾಕೆಯ ಸಮಾಧಾನಕ್ಕಾಗಿ ಬರೆದಿರುತ್ತೇನೆ.

ಎಲ್ಲವನ್ನೂ ಜೋಡಿಸಿದೆವು. ಹೊಸ ಪೆಟ್ರೋಲಿಗೆ ಎಣ್ಣೆಯನ್ನು ಬೆರೆಸಿದೆ. ಲೀಟರಿಗೆ 40 ಮಿಲಿಲೀಟರು. ಔಷಧದ ಅಂಗಡಿಯಿಂದ ತಂದ ಪಿಚಕಾರಿಯಲ್ಲಿ ಮೂರು ಸಲ ಅಳೆದೆ. ಕಿಕ್ ಹೊಡೆದೆ. ಇಪ್ಪತ್ತನೆಯ ಸಲಕ್ಕೆ ಎಂಜಿನು ಕೆಮ್ಮಿತು, ನಾಲ್ಕು ಉಸಿರು ಎಳೆದುಕೊಂಡಿತು, ಸತ್ತಿತು. ಮತ್ತೆ ಹೊಡೆದೆ, ಮತ್ತೆ ಅದೇ. ಮೂರು ದಿನ ಹೀಗೆಯೇ ಕಳೆಯಿತು. ಪ್ಲಗ್ಗು ಸರಿ, ಪೆಟ್ರೋಲು ಸರಿ, ಒತ್ತಡ ಸರಿ. ಹಬ್ಬಕ್ಕೆ ಆರು ದಿನ ಉಳಿದಿತ್ತು. ಬಲಗಾಲು ಬಾತುಕೊಂಡಿತು. ರಾತ್ರಿ ಮಲಗಿದರೆ ಗುಜರಿಯವನ ತಳ್ಳುಗಾಡಿಯ ಸದ್ದು ಕೇಳಿದಂತಾಗುತ್ತಿತ್ತು.

ಸೋತು, ವೃತ್ತಿಯಿಂದ ನಿವೃತ್ತರಾಗಿದ್ದ ಹಳೆಯ ಮೇಸ್ತ್ರಿಯೊಬ್ಬರನ್ನು ಮನೆಗೆ ಕರೆದುಕೊಂಡು ಬಂದೆ. ಅವರ ಬದುಕೆಲ್ಲ ಈ ಗಾಡಿಗಳ ಜೊತೆಯಲ್ಲಿಯೇ ಕಳೆದಿತ್ತು. ಬಂದವರು ಸ್ಪ್ಯಾನರು ಮುಟ್ಟಲಿಲ್ಲ. ಕುರ್ಚಿ ಹಾಕಿಸಿಕೊಂಡು ಗಾಡಿಯ ಹಿಂದೆ ಕುಳಿತು, "ಹೊಡೀರಿ ಸ್ವಾಮಿ" ಎಂದರು. ನಾನು ಕಿಕ್ ಹೊಡೆದಾಗ ಎರಡು ಸೈಲೆನ್ಸರುಗಳ ಬಾಯಿಗೂ ಒಂದೊಂದು ಅಂಗೈ ಹಿಡಿದರು. ಈ ಎಂಜಿನ್ನಿಗೆ ಸಿಲಿಂಡರು ಒಂದೇ ಆದರೂ ಹೊಗೆ ಕೊಳವೆಗಳು ಎರಡು.

"ಎಡಗಡೆ ಉಸಿರೇ ಇಲ್ಲ. ಬಲಗಡೆ ಏನೋ ಮುದುಕನ ನಿಟ್ಟುಸಿರು. ಒಳಗಿನದು ಹೊರಗೆ ಹೋಗದೆ ಹೊಸದು ಎಲ್ಲಿಂದ ಬರಬೇಕು ಸ್ವಾಮಿ? ಎಂಜಿನ್ನಿಗೆ ಕಾಯಿಲೆ ಇಲ್ಲ. ಅದಕ್ಕೆ ಉಸಿರು ಕಟ್ಟಿದೆ."

ಸಿಟಿ ಬಸ್ಸಿನ ಉಪಮಾನ ಕೊಟ್ಟು ಬೀಗಿದ್ದ ನನಗೆ, ಬಸ್ಸಿನ ಇಳಿಯುವ ಬಾಗಿಲನ್ನು ನೋಡಬೇಕೆಂಬುದೇ ಹೊಳೆದಿರಲಿಲ್ಲ! ಎಡಗಡೆಯ ಸೈಲೆನ್ಸರನ್ನು ಬಿಚ್ಚಿ ಕುಟ್ಟಿದಾಗ ಒಣಮಣ್ಣಿನ ಹೆಂಟೆಗಳು ಉದುರಿದುವು. ಕಣಜದ ಹುಳು ಅದರೊಳಗೆ ಕೋಣೆಯ ಮೇಲೆ ಕೋಣೆ ಕಟ್ಟಿಕೊಂಡು ಸಂಸಾರ ಮಾಡಿತ್ತು. ಬಲಗಡೆಯದರಲ್ಲಿ ವರ್ಷಾನುವರ್ಷದ ಎಣ್ಣೆಯ ಮಸಿ ಗಟ್ಟಿಕಟ್ಟಿತ್ತು. ಒಳಗಿನ ಕೊಳವೆಗಳನ್ನು ಎಳೆದು ತೆಗೆದು ಎರಡು ದಿನ ಕೆರೆದೆವು. ಮೇಸ್ತ್ರಿಗಳು ಕೂಲಿ ಬೇಡವೆಂದರು. ಎರಡು ಲೋಟ ಕಾಫಿ ಕುಡಿದು, "ಮೊದಲು ನೋಡಿ, ಆಮೇಲೆ ಬಿಚ್ಚಿ" ಎಂದು ಹೇಳಿ ಹೋದರು.

ಭಾನುವಾರ ಬೆಳಗ್ಗೆ ಅತ್ತಿಗೆ ಬಂದರು. ಸುಣ್ಣ ಬಳಿಸಲು ಬೀರು ಸರಿಸಿದಾಗ ಗಾಡಿಯ ಪಕ್ಕದ ಪೆಟ್ಟಿಗೆಯ ಬೀಗದ ಕೈ ಸಿಕ್ಕಿತಂತೆ. ಇಷ್ಟು ದಿನ ಅದೊಂದನ್ನು ನಾವು ತೆರೆದಿರಲಿಲ್ಲ. ತೆರೆದಾಗ, ಎಣ್ಣೆಬಟ್ಟೆಯಲ್ಲಿ ಸುತ್ತಿದ ಸಾಮಾನುಗಳ ನಡುವೆ ಒಂದು ಪುಟ್ಟ ಅಲ್ಯುಮಿನಿಯಮ್ ಲೋಟ ಇತ್ತು. ಒಳಗೆ ಮೊಳೆಯಿಂದ ಗೀರಿದ ಒಂದು ಗೆರೆ. ಹೊರಗೆ ಅಂಟಿಸಿದ ಕಾಗದದ ಮೇಲೆ ಅಣ್ಣನ ದುಂಡನೆಯ ಅಕ್ಷರ: "ತಮ್ಮನಿಗೆ. ಒಂದು ಲೀಟರಿಗೆ ಒಂದು ಗೆರೆ."

ನಾನು ಅತ್ತಿಗೆಯ ಮುಖವನ್ನು ನೋಡಿದೆ.

"ಬೋರ್ ಮಾಡಿಸಿಕೊಂಡು ಬಂದ ದಿನವೇ ಕೂತು ಗೀರಿದರು. ಮುಂದಿನ ಸಲ ಕೇಳಿದಾಗ ಇದರ ಜೊತೆಗೇ ಕೊಡ್ತೀನಿ ಅಂದಿದ್ದರು. ನೀನು ಕೇಳಲೇ ಇಲ್ಲವಲ್ಲಪ್ಪ" ಎಂದರು.

ನಲವತ್ತೈದು ವರ್ಷ ಆ ಲೋಟ ನನ್ನ ಹೆಸರಿನಲ್ಲಿ ಅಲ್ಲಿ ಕುಳಿತಿತ್ತು. ಅದಕ್ಕೆ ಬೇಕಾಗಿದ್ದುದು ನನ್ನ ಒಂದು ಮಾತು. ಉಸಿರು ಕಟ್ಟಿದ್ದು ಗಾಡಿಗೆ ಮಾತ್ರವಾಗಿರಲಿಲ್ಲ.

ಟ್ಯಾಂಕಿನಲ್ಲಿದ್ದುದನ್ನು ಬಸಿದು, ಹೊಸದಾಗಿ ಒಂದು ಲೀಟರು ಪೆಟ್ರೋಲು, ಆ ಲೋಟದಲ್ಲಿ ಒಂದು ಗೆರೆ ಎಣ್ಣೆ ಬೆರೆಸಿದೆ. ಮೂರನೆಯ ಕಿಕ್ಕಿಗೆ ಎಂಜಿನು ಹೊತ್ತಿಕೊಂಡಿತು. ಹಿತ್ತಲೆಲ್ಲ ನೀಲಿಯ ಹೊಗೆ. ನೆರೆಯವರ ನಾಯಿ ಮನೆಯೊಳಗೆ ಓಡಿತು. ಸದ್ದು ನಿಧಾನವಾಗಿ ಹದಕ್ಕೆ ಬಂದು, ಸಂಜೆ ಐದೂವರೆಯ ಆ ಹಳೆಯ ಸದ್ದೇ ಆಯಿತು. ಅತ್ತಿಗೆ ಸೆರಗಿನ ತುದಿಯನ್ನು ಮೂಗಿಗೆ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದರು. ಹೊಗೆಗೆ ಹಿಡಿದುಕೊಂಡರೋ, ಬೇರೆ ಕಾರಣಕ್ಕೋ, ನಾನು ಕೇಳಲಿಲ್ಲ. ಕೊನೆಗೆ, "ಡಿಕಾಕ್ಷನ್ ಇದೆಯೇನೇ?" ಎಂದು ನಮ್ಮ ಮನೆಯಾಕೆಯನ್ನು ಕೇಳುತ್ತ ಒಳಗೆ ಹೋದರು.

ಇಷ್ಟಕ್ಕೇ ಮುಗಿಯಿತೆಂದುಕೊಂಡಿದ್ದೆ. ಆದರೆ ಮೊಮ್ಮಗಳು ತಟ್ಟೆಗಳನ್ನು ಎತ್ತಿಡುವಾಗ ಕೊನೆಯ ಗುಳಿಯಲ್ಲಿ ಒಂದು ನಟ್ಟು ಉಳಿದಿತ್ತು! ನೋಟ್ ಪುಸ್ತಕದಲ್ಲಿ ಅದರ ಹೆಸರಿಲ್ಲ. ಓಡುತ್ತಿರುವ ಎಂಜಿನ್ನಿಗೆ ಒಂದು ನಟ್ಟು ಕಡಮೆಯೆಂದರೆ ಯಾವ ಹೊಸಬನಿಗೆ ನಿದ್ದೆ ಬಂದೀತು? ಎರಡು ದಿನ ಗಾಡಿಯ ಸುತ್ತ ದೀಪವಿಲ್ಲದೆ, ಬ್ಯಾಟರಿ ಟಾರ್ಚು ಹಿಡಿದು, ಪ್ರದಕ್ಷಿಣೆ ಹಾಕಿದೆ. ಎಲ್ಲಿಯೂ ಜಾಗ ಖಾಲಿ ಇರಲಿಲ್ಲ.

ಹಬ್ಬದ ಹಿಂದಿನ ದಿನ ಗುಜರಿಯವನು ಅತ್ತಿಗೆಯ ಮನೆಗೆ ಹೋಗಿ, ಅವರು ಕಳುಹಿಸಿದರೆಂದು ನಮ್ಮಲ್ಲಿಗೆ ಬಂದ. ಬರಿಗೈಯಲ್ಲಿ ಕಳುಹಿಸಬಾರದೆಂದು ಮನೆಯಾಕೆ, ಪೆಟ್ರೋಲು ಕುಡಿದ ಇಡ್ಲಿ ಸ್ಟ್ಯಾಂಡನ್ನು ತಂದು, ತಟ್ಟೆಗಳನ್ನು ಕಡ್ಡಿಗೆ ಪೋಣಿಸಿ, ಅತ್ತಿತ್ತ ನೋಡಿ ಕೇಳಿದಳು:

"ಇದರ ತಲೆಯ ಮೇಲೆ ಒಂದು ನಟ್ಟು ಇತ್ತಲ್ಲಾ, ಎಲ್ಲಿ ಹೋಯಿತು?"